ಹೃದಯ ನಿಂತು ಮತ್ತೆ ಬಡಿಯಿತು, ಪ್ರಜ್ಞೆ ಬಂದಿಲ್ಲ: ಎಂಆರ್‌ಐ ನೋಡಿ ಮುಂದಿನದು ಹೇಳಬಹುದೇ?

ಶರಾವತಿ ತೀರ · ಸೋಮವಾರ ರಾತ್ರಿ

ದಯವಿಟ್ಟು ತಿಳಿದವರು ಉತ್ತರಿಸಿ. ನಮ್ಮ ಭಾವ, 52 ವರ್ಷ. ಶನಿವಾರ ಬೆಳಿಗ್ಗೆ ಅಡಿಕೆ ಮಂಡಿಯಲ್ಲಿ ನಿಂತಲ್ಲೇ ಕುಸಿದುಬಿದ್ದರು. ಅಲ್ಲಿದ್ದ ಹುಡುಗನೊಬ್ಬ ಎದೆ ಒತ್ತುತ್ತಲೇ ಇದ್ದನಂತೆ. ಆಂಬುಲೆನ್ಸ್ ಬಂದು ಶಾಕ್ ಕೊಟ್ಟ ಮೇಲೆ ನಾಡಿ ಸಿಕ್ಕಿತು. ಅಷ್ಟರಲ್ಲಿ ಹದಿನೈದು ನಿಮಿಷ ಆಗಿತ್ತು ಅಂತ ಕೆಲವರು, ಇಪ್ಪತ್ತು ಅಂತ ಇನ್ನು ಕೆಲವರು ಹೇಳುತ್ತಾರೆ. ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿ ಒಂದು ಸ್ಟೆಂಟ್ ಹಾಕಿದ್ದಾರೆ. ಹೃದಯ ಈಗ ಪರವಾಗಿಲ್ಲ ಅಂತಾರೆ. ಆದರೆ ಕಣ್ಣು ಬಿಟ್ಟಿಲ್ಲ, ವೆಂಟಿಲೇಟರ್‌ನಲ್ಲಿದ್ದಾರೆ.

ಶನಿವಾರವೇ ತೆಗೆದ ತಲೆಯ ಸಿಟಿ ನಾರ್ಮಲ್ ಅಂದರು. ನಾವು ದೇವರಿಗೆ ಕೈಮುಗಿದೆವು. ಇವತ್ತು ಒಬ್ಬ ಡಾಕ್ಟರು "ಎಂಆರ್‌ಐ ಮಾಡಿಸಿದರೆ ಎಲ್ಲ ಗೊತ್ತಾಗುತ್ತೆ" ಅಂದರು, ಇನ್ನೊಬ್ಬರು "ಬಹಳ ಆಸೆ ಇಟ್ಟುಕೊಳ್ಳಬೇಡಿ" ಅಂದುಬಿಟ್ಟರು. ಅಕ್ಕ ಆ ಮಾತು ಕೇಳಿದಾಗಿನಿಂದ ಊಟ ಬಿಟ್ಟಿದ್ದಾಳೆ. ಸಿಟಿ ಚೆನ್ನಾಗಿದ್ದರೂ ಹೀಗೆ ಯಾಕೆ ಹೇಳುತ್ತಾರೆ? ಎಂಆರ್‌ಐಯಲ್ಲಿ ನಿಜವಾಗಿ ಏನು ಕಾಣಿಸುತ್ತೆ?

ಮೈಸೂರು ಐಸಿಯು · ಸೋಮವಾರ ರಾತ್ರಿ

ನಾನು ತೀವ್ರನಿಗಾ ಘಟಕದ ವೈದ್ಯ. ನಿಮ್ಮ ಭಾವನವರ ಕಡತ ನೋಡದೆ ಅವರ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ: ಒಂದು ಸ್ಕ್ಯಾನ್ ಮಾತ್ರ ನೋಡಿ ಯಾರೂ ತೀರ್ಪು ಕೊಡಬಾರದು, ಅದರಲ್ಲೂ 72 ಗಂಟೆ ಕಳೆಯುವ ಮುಂಚೆ ಕೊಡಲೇಬಾರದು. ನಿಮ್ಮದು ಇನ್ನೂ ಅಷ್ಟಾಗಿಲ್ಲ.

ಮೊದಲು ಸಿಟಿ ವಿಷಯ. ಮೆದುಳಿನಲ್ಲಿ ಶಕ್ತಿಯ ದಾಸ್ತಾನು ಇಲ್ಲವೇ ಇಲ್ಲ ಅನ್ನಬಹುದು. ರಕ್ತ ನಿಂತ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಕೆಲವು ನಿಮಿಷಗಳಲ್ಲಿ, ಜೀವಕೋಶದಿಂದ ಸೋಡಿಯಂ ಹೊರಹಾಕುವ ಪಂಪು ನಿಂತು ಕೋಶದೊಳಗೆ ನೀರು ನುಗ್ಗುತ್ತದೆ. ಸಿಟಿಯಲ್ಲಿ ಮೆದುಳಿನ ಬೂದು ಭಾಗ ಬಿಳಿ ಭಾಗಕ್ಕಿಂತ ಸ್ವಲ್ಪ ಬೆಳ್ಳಗೆ ಕಾಣುತ್ತದೆ. ಸಿಟಿಯಲ್ಲಿ ಸಾಂದ್ರತೆ ಹೇಳುವ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ಬೂದು ಭಾಗ ಸುಮಾರು 35ರಿಂದ 40, ಬಿಳಿ ಭಾಗ 25ರಿಂದ 30. ಬೂದು ಭಾಗಕ್ಕೆ ನೀರು ತುಂಬಿದಾಗ ಈ ಅಂತರ ಕರಗುತ್ತದೆ. ಪಂಚೆಯ ಅಂಚಿನ ಬಣ್ಣ ನೀರಿಗೆ ಬಿಟ್ಟುಕೊಂಡ ಹಾಗೆ ಗಡಿ ಕದಡಿಹೋಗುತ್ತದೆ. ಆದರೆ ಆ ಬದಲಾವಣೆ ಸಿಟಿಯಲ್ಲಿ ಕಾಣಲು ಹೊತ್ತು ಬೇಕು. ಮೊದಲ ಗಂಟೆಗಳಲ್ಲೇ ಅದು ಕಂಡರೆ ಪೆಟ್ಟು ಬಲವಾದದ್ದು ಅಂತ ಅರ್ಥ. ಕಾಣದಿದ್ದರೆ ಪೆಟ್ಟು ಬಿದ್ದಿಲ್ಲ ಅಂತ ಅರ್ಥವಲ್ಲ. ಶನಿವಾರದ ಸಿಟಿಯಿಂದ ತಿಳಿದದ್ದು ಮುಖ್ಯವಾಗಿ ತಲೆಯಲ್ಲಿ ರಕ್ತಸ್ರಾವ ಇರಲಿಲ್ಲ ಅನ್ನುವುದು. ಅದೂ ಬೇಕಾದ ಮಾಹಿತಿಯೇ, ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಉತ್ತರ ಅದಲ್ಲ.

ಎಂಆರ್‌ಐಯಲ್ಲಿ ಡಿಫ್ಯೂಷನ್ ಅನ್ನುವ ಚಿತ್ರ ಇದೆ. ಅಂಗಾಂಶದೊಳಗೆ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತಿವೆ ಅಂತ ಅದು ಅಳೆಯುತ್ತದೆ. ಊದಿಕೊಂಡ ಜೀವಕೋಶದೊಳಗೆ ಸಿಕ್ಕಿಕೊಂಡ ನೀರು ಓಡಾಡಲಾರದು, ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಹೃದಯ ಮತ್ತೆ ಬಡಿಯತೊಡಗಿದ ಎರಡನೇ ದಿನದಿಂದ ಏಳನೇ ದಿನದೊಳಗೆ ತೆಗೆದರೆ ಇದಕ್ಕೆ ಬೆಲೆ ಹೆಚ್ಚು. ತೀರಾ ಮುಂಚೆ ತೆಗೆದರೆ ಪೂರ್ತಿ ಕಾಣದು. ಸುಮಾರು ವಾರ ಕಳೆದರೆ ಕೋಶಗಳು ಒಡೆದು ನೀರು ಮತ್ತೆ ಓಡಾಡತೊಡಗುತ್ತದೆ, ಚಿತ್ರ ಸರಿಹೋದಂತೆ ಕಾಣುತ್ತದೆ. ಆ "ಸರಿ" ನಂಬುವಂಥದ್ದಲ್ಲ. ಆದ್ದರಿಂದ ಯಾವ ದಿನ ತೆಗೆದದ್ದು ಅಂತ ತಿಳಿಯದೆ ವರದಿ ಓದುವುದೇ ತಪ್ಪು.

ನಾಳೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಮಂಪರಿನ ಔಷಧದ್ದು. ಅದು ಯಾವಾಗ ನಿಂತಿತು?

ಶರಾವತಿ ತೀರ · ಸೋಮವಾರ ರಾತ್ರಿ

ಇವತ್ತು ಬೆಳಿಗ್ಗೆಯಷ್ಟೇ ನಿಲ್ಲಿಸಿದರಂತೆ ಸರ್. ಕಿಡ್ನಿಯ ಕ್ರಿಯಾಟಿನಿನ್ ಸ್ವಲ್ಪ ಏರಿದೆ ಅಂದಿದ್ದರು.

ಮೈಸೂರು ಐಸಿಯು · ಸೋಮವಾರ ರಾತ್ರಿ

ಹಾಗಾದರೆ ಇನ್ನೂ ತಾಳ್ಮೆ ಬೇಕು. ಮಿಡಾಜೋಲಾಮ್‌ನಂಥ ಔಷಧಿ ಕಿಡ್ನಿ ಮಂಕಾಗಿರುವವರ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಅದರ ಪ್ರಭಾವ ಇಳಿಯದೆ ಮಾಡಿದ ತಪಾಸಣೆಯಲ್ಲಿ "ಸ್ಪಂದನೆ ಇಲ್ಲ" ಅಂತ ಬರೆದರೆ, ಅದು ಔಷಧಿಯ ಕೆಲಸವೋ ಮೆದುಳಿನ ಪೆಟ್ಟೋ ಹೇಳಲಾಗದು. 72 ಗಂಟೆ ಕಳೆದ ಮೇಲೂ ತಡವಾಗಿ ಎಚ್ಚರವಾಗುವವರಿದ್ದಾರೆ. ವಯಸ್ಸಾದವರು, ಕಿಡ್ನಿ ತೊಂದರೆ ಇರುವವರು, ಹೆಚ್ಚು ಮಂಪರಿನ ಔಷಧಿ ಹೋದವರು ಆ ಗುಂಪಿನಲ್ಲಿ ಹೆಚ್ಚು.

ಹುಬ್ಳಿ ಮಂದಿ · ಮಂಗಳವಾರ ಬೆಳಿಗ್ಗೆ

ಅಕ್ಕಾರ, ನಮ್ಮ ಅಪ್ಪಾಜೀದೂ ಹಿಂಗ ಆಗಿತ್ರೀ. ಎರಡನೇ ದಿನಾನ ಒಬ್ರು ಬಂದು "ಬ್ರೇನ್ ಡೆಡ್ ಆದಂಗ ಐತಿ, ಮನೀಗೆ ಕರಕೊಂಡ ಹೋಗ್ರಿ" ಅಂದ್ರು. ಮೆದುಳಿನ ವಿದ್ಯುತ್ ಅಲೆ ನೋಡೋ ಇಇಜಿ ಮಾಡಿರಲಿಲ್ಲ, ಎಂಆರ್‌ಐ ಮಾಡಿರಲಿಲ್ಲ. ನಮ್ಮ ಕಾಕಾ ಸಹಿ ಮಾಡಿಬಿಟ್ರು. ದಿನಾ ಏರೋ ಬಿಲ್ಲು ನೋಡಿ ಅವರಿಗೂ ಕಾಲು ನಡುಗಿದ್ವು, ಅವರದೇನೂ ತಪ್ಪಿಲ್ಲ. ಆಂಬುಲೆನ್ಸಿನ್ಯಾಗ ಅಪ್ಪಾಜಿ ಕೆಮ್ಮಿದ್ರು. ಕೆಮ್ಮೋ ಮನಷ್ಯಾನ ಬ್ರೇನ್ ಡೆಡ್ ಅಂತ ಹೆಂಗ ಅಂದ್ರು ಅಂತ ಇವತ್ತಿಗೂ ನನಗ ತಿಳೀವಲ್ದು. ಮನೀಗೆ ಬಂದ ರಾತ್ರೀನ ಹೋದ್ರು. ಉಳೀತಿದ್ರೋ ಇಲ್ಲೋ ಆ ಮಾತು ಬ್ಯಾರೆ. ನೋಡಬೇಕಾದ್ದು ನೋಡದ ಹೇಳಿದ್ರಲ್ಲ, ಅದು ಎದ್ಯಾಗ ಕುಂತೈತಿ. ನೀವು ಎಲ್ಲಾ ಕೇಳ್ರಿ. ಅಂಜಬ್ಯಾಡ್ರಿ.

ಮೈಸೂರು ಐಸಿಯು · ಮಂಗಳವಾರ ಮಧ್ಯಾಹ್ನ

ಹುಬ್ಬಳ್ಳಿಯವರೇ, ನಿಮಗಾದದ್ದು ಅನ್ಯಾಯ. ಮೆದುಳು ಸಾವು ಅನ್ನುವುದು 1994ರ ಅಂಗಾಂಗ ಕಸಿ ಕಾಯ್ದೆಯಡಿ ಗೊತ್ತುಪಡಿಸಿದ ವೈದ್ಯರ ತಂಡ, ನಿಗದಿತ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಘೋಷಿಸಬೇಕಾದ ಸ್ಥಿತಿ. ಮೆದುಳಿನ ಕಾಂಡ ಪೂರ್ತಿ ನಿಂತಿರಬೇಕು: ಕೆಮ್ಮಿಲ್ಲ, ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುವುದಿಲ್ಲ, ವೆಂಟಿಲೇಟರ್ ಬಿಡಿಸಿ ನೋಡಿದರೆ ಸ್ವಂತ ಉಸಿರಿಲ್ಲ. ಕೋಮಾ ಬೇರೆಯೇ. ಹೃದಯ ಸ್ತಂಭನದಲ್ಲಿ ಮೊದಲು ಏಟು ತಿನ್ನುವುದು ಮೆದುಳಿನ ಹೊರಪದರ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್, ಒಳಗಿರುವ ಬೇಸಲ್ ಗ್ಯಾಂಗ್ಲಿಯಾ. ಕಾಂಡ ಹೆಚ್ಚು ಗಟ್ಟಿ. ಆದ್ದರಿಂದಲೇ ಕೆಲವರು ತಾವೇ ಉಸಿರಾಡುತ್ತಾರೆ, ಕಣ್ಣು ತೆರೆಯುತ್ತಾರೆ, ಆದರೆ ಅರಿವು ಮರಳುವುದಿಲ್ಲ. ಇನ್ನು ಕೆಲವರಿಗೆ ಮರಳುತ್ತದೆ. ಇವರಿಬ್ಬರನ್ನು ಬೇರ್ಪಡಿಸಿ ಗುರುತಿಸುವುದಕ್ಕೇ ಇಷ್ಟೆಲ್ಲ ಪರೀಕ್ಷೆ.

2021ರ ಯುರೋಪಿನ ಮಾರ್ಗಸೂಚಿಯನ್ನು ನಾವು ಇಲ್ಲೂ ಅನುಸರಿಸುತ್ತೇವೆ. ಅದರ ಪ್ರಕಾರ 72 ಗಂಟೆ ಕಳೆದು, ಮಂಪರು ಇಳಿದ ಮೇಲೂ ರೋಗಿ ಕೋಮಾದಲ್ಲಿದ್ದು, ನೋಯಿಸಿದರೂ ಕೈಯನ್ನು ಹಿಂದಕ್ಕೆಳೆದುಕೊಳ್ಳುವಷ್ಟು ಸ್ಪಂದನೆ ಇಲ್ಲದಿದ್ದಾಗ ಮಾತ್ರ ಮುಂದಿನ ಲೆಕ್ಕ. ಆಗ ಈ ಆರರಲ್ಲಿ ಕನಿಷ್ಠ ಎರಡಾದರೂ ಕೂಡಿಬರಬೇಕು: ಪಾಪೆಯ ಹಾಗೂ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಪ್ರತಿಕ್ರಿಯೆ ಎರಡೂ ಇಲ್ಲದಿರುವುದು, ಮಣಿಕಟ್ಟಿನ ನರಕ್ಕೆ ವಿದ್ಯುತ್ ಕೊಟ್ಟಾಗ ಮೆದುಳಿನ ಎರಡೂ ಬದಿಯಲ್ಲಿ ಎನ್20 ಅಲೆ ಏಳದಿರುವುದು, ಮೊದಲ ದಿನದ ನಂತರವೂ ಇಇಜಿ ತೀರಾ ಕೆಟ್ಟ ಮಾದರಿಯಲ್ಲಿರುವುದು, ಹಾನಿಯಾದ ನರಕೋಶಗಳಿಂದ ರಕ್ತಕ್ಕೆ ಸೋರುವ ಎನ್‌ಎಸ್‌ಇ ಅನ್ನುವ ಅಂಶ 48 ಅಥವಾ 72 ಗಂಟೆಗೆ ಲೀಟರಿಗೆ 60 ಮೈಕ್ರೋಗ್ರಾಂ ದಾಟಿರುವುದು, ಮೊದಲ 72 ಗಂಟೆಯೊಳಗೆ ಮೈಯೆಲ್ಲ ಎಡೆಬಿಡದೆ ಸೆಳೆಯುವ ಮಯೊಕ್ಲೋನಸ್, ಕೊನೆಗೆ ಸಿಟಿ ಅಥವಾ ಎಂಆರ್‌ಐಯಲ್ಲಿ ವ್ಯಾಪಕ ಹಾನಿ. ಎರಡು ಕೂಡದಿದ್ದರೆ ಮಾರ್ಗಸೂಚಿ ಹೇಳುವುದು "ಕಾಯಿರಿ, ಮತ್ತೆ ನೋಡಿ" ಅಂತ. ಆರರಲ್ಲಿ ಚಿತ್ರ ಒಂದು. ಅಷ್ಟೇ ಅದರ ಜಾಗ.

ಸ್ಕ್ಯಾನ್ ರೂಮ್ · ಮಂಗಳವಾರ ಸಂಜೆ

ನಾನು ಎಂಆರ್‌ಐ ತಂತ್ರಜ್ಞ. ವರದಿಯ ಭಾಷೆಯ ಬಗ್ಗೆ ಎರಡು ಮಾತು. ಡಿಫ್ಯೂಷನ್ ಚಿತ್ರದ ಜೊತೆಗೆ, ನೀರಿನ ಓಡಾಟವನ್ನು ಅಂಕಿಯಲ್ಲಿ ಹೇಳುವ ಎಡಿಸಿ ನಕ್ಷೆ ಇರುತ್ತದೆ. ಒಂದು ಜಾಗ ಡಿಫ್ಯೂಷನ್‌ನಲ್ಲಿ ಬೆಳ್ಳಗಿದ್ದು ಎಡಿಸಿಯಲ್ಲಿ ಕಪ್ಪಾಗಿದ್ದರೆ ಅದು ನಿಜವಾದ ಹೊಸ ಹಾನಿ. ಎರಡರಲ್ಲೂ ಬೆಳ್ಳಗಿದ್ದರೆ ಹಳೆಯ ಗಾಯದ ಹೊಳಪೂ ಆಗಿರಬಹುದು. ಫಿಲ್ಮ್ ಹಿಡಿದುಕೊಂಡು ಬೆಳಕಿಗೆ ನೋಡಿ "ಅಯ್ಯೋ ಎಷ್ಟೊಂದು ಬಿಳಿ" ಅಂತ ಮನೆಯವರು ಅಳುವುದನ್ನು ನೋಡುತ್ತಲೇ ಇರುತ್ತೇನೆ. ನೀವಾಗಿ ನೋಡಿ ನಿರ್ಧರಿಸಬೇಡಿ. ಎಡೆಬಿಡದ ಫಿಟ್ಸ್ ಬಂದಿದ್ದರೂ, ಸಕ್ಕರೆ ತೀರಾ ಇಳಿದಿದ್ದರೂ ಹೊರಪದರ ಬೆಳ್ಳಗಾಗುತ್ತದೆ.

ಎಷ್ಟು ಭಾಗಕ್ಕೆ ಹಾನಿ ಅನ್ನುವುದನ್ನು ಅಳೆಯುವ ಸಾಫ್ಟ್‌ವೇರ್‌ಗಳಿವೆ. ಎಡಿಸಿ ಬೆಲೆ 650ಕ್ಕಿಂತ ಕೆಳಗೆ ಬಿದ್ದ ಜಾಗ ಮೆದುಳಿನ ಶೇ. 10ಕ್ಕಿಂತ ಹೆಚ್ಚಿದ್ದರೆ ಫಲಿತಾಂಶ ಕೆಟ್ಟದ್ದು ಅಂತ ತೋರಿಸಿದ ಅಧ್ಯಯನಗಳಿವೆ. ಆದರೆ ಯಂತ್ರದಿಂದ ಯಂತ್ರಕ್ಕೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ನಮ್ಮಲ್ಲಿ ಬಹಳಷ್ಟು ಕಡೆ ರೇಡಿಯಾಲಜಿಸ್ಟ್ ಕಣ್ಣಳತೆಯಲ್ಲೇ ಬರೆಯುತ್ತಾರೆ. ಅನುಭವಿ ಕಣ್ಣಾದರೆ ಅದಕ್ಕೂ ಬೆಲೆ ಇದೆ.

ಕೋಟೆ ಬೀದಿ · ಮಂಗಳವಾರ ಸಂಜೆ

ನನಗೊಂದು ಬೇರೆ ಮಾತು ತೋಚುತ್ತಿದೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ವೆಂಟಿಲೇಟರ್‌ನಲ್ಲಿರುವವರನ್ನು ಎಂಆರ್‌ಐಗೆ ಸಾಗಿಸುವುದೇ ಅಪಾಯ. ಖರ್ಚು ಬೇರೆ. ಆಮೇಲೂ "ಕಾಯೋಣ" ಅನ್ನುವುದಾದರೆ ಮಾಡಿಸುವುದಾದರೂ ಯಾಕೆ? ನೇರವಾಗಿ ಕಾಯಬಹುದಲ್ಲ?

ಮೈಸೂರು ಐಸಿಯು · ಮಂಗಳವಾರ ರಾತ್ರಿ

ಒಳ್ಳೆಯ ಪ್ರಶ್ನೆ. ಬಿಪಿ ಕುಸಿಯುತ್ತಿರುವ, ಆಕ್ಸಿಜನ್ ನಿಲ್ಲದ ರೋಗಿಯನ್ನು ನಾನೂ ಸಾಗಿಸುವುದಿಲ್ಲ. ಮೂರನೇ ದಿನಕ್ಕೆ ಕಣ್ಣು ಬಿಟ್ಟು ಹೇಳಿದ ಮಾತು ಕೇಳುವವರಿಗೆ ಈ ಕಾರಣಕ್ಕೆ ಎಂಆರ್‌ಐ ಬೇಕಿಲ್ಲ. ಆದರೆ ಕೋಮಾ ಮುಂದುವರಿದು, ಉಳಿದ ಪರೀಕ್ಷೆಗಳು ಒಂದಕ್ಕೊಂದು ಹೊಂದದಿದ್ದಾಗ ಚಿತ್ರ ಬಹಳ ನೆರವಾಗುತ್ತದೆ, ಎರಡೂ ಕಡೆಗೆ. ಎರಡರಿಂದ ಏಳನೇ ದಿನದೊಳಗಿನ ಎಂಆರ್‌ಐಯಲ್ಲಿ ಡಿಫ್ಯೂಷನ್ ಹಾನಿ ಏನೂ ಇಲ್ಲದಿದ್ದರೆ ಅದು ಒಳ್ಳೆಯ ಲಕ್ಷಣ. ಮಾತು ಬಾರದ ರೋಗಿಯ ಪರವಾಗಿ ಇನ್ನಷ್ಟು ದಿನ ಕೇಳಲು ಅದು ನಮಗೆ ಬಲ ಕೊಡುತ್ತದೆ. ನನ್ನ ಮಟ್ಟಿಗೆ ಎಂಆರ್‌ಐಯ ದೊಡ್ಡ ಉಪಯೋಗವೇ ಅದು.

ಲುಂಡ್ ಕನ್ನಡಿಗ · ಬುಧವಾರ ಬೆಳಿಗ್ಗೆ

ಸ್ವೀಡನ್ನಿನಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಚರ್ಚೆಯಲ್ಲಿ ಇನ್ನೂ ಬಾರದ ಒಂದು ವಿಷಯವನ್ನು ಸೇರಿಸಲೇಬೇಕು.

"ಎಂಆರ್‌ಐ ಕೆಟ್ಟದಾಗಿದ್ದವರಲ್ಲಿ ಬಹುತೇಕ ಯಾರೂ ಚೇತರಿಸಿಕೊಳ್ಳಲಿಲ್ಲ" ಅಂತ ಅಧ್ಯಯನವೊಂದು ಹೇಳಿದರೆ, ನಾವು ಕೇಳಬೇಕಾದದ್ದು: ಅವರು ಹೇಗೆ ತೀರಿಕೊಂಡರು? ಪಾಶ್ಚಾತ್ಯ ದೇಶಗಳಲ್ಲಿ ಎಂಆರ್‌ಐ ಕೆಟ್ಟದ್ದು ಅಂತ ನೋಡಿದ ವೈದ್ಯರೇ ಮನೆಯವರೊಂದಿಗೆ ಮಾತಾಡಿ ವೆಂಟಿಲೇಟರ್ ತೆಗೆದಿರುತ್ತಾರೆ. ರೋಗಿ ತೀರಿಕೊಳ್ಳುತ್ತಾನೆ, ಭವಿಷ್ಯ ನಿಜವಾಯಿತು ಅಂತ ಲೆಕ್ಕಕ್ಕೆ ಸೇರುತ್ತದೆ. ಭವಿಷ್ಯ ನಿಜವಾದದ್ದೋ, ಭವಿಷ್ಯ ನುಡಿದದ್ದರಿಂದಲೇ ಹಾಗಾಯಿತೋ? ಅದಕ್ಕೇ ದಕ್ಷಿಣ ಕೊರಿಯಾ ಮತ್ತು ಇಟಲಿಯ ಅಂಕಿಅಂಶಗಳಿಗೆ ನಮ್ಮಲ್ಲಿ ಬಹಳ ಬೆಲೆ. ಅಲ್ಲಿ ಚಿಕಿತ್ಸೆ ಹಿಂತೆಗೆಯುವುದು ಬಹಳ ಅಪರೂಪವಾಗಿತ್ತು, ರೋಗಿಗಳನ್ನು ತಿಂಗಳುಗಟ್ಟಲೆ ನೋಡಿದ ಮಾಹಿತಿ ಸಿಗುತ್ತದೆ. ವ್ಯಾಪಕ ಹಾನಿ ಇದ್ದಾಗ ಚೇತರಿಕೆ ತೀರಾ ಅಪರೂಪ ಅನ್ನುವುದು ಅಲ್ಲೂ ಕಂಡಿದೆ. ಹಾಗಾಗಿ ಪರೀಕ್ಷೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸುಮಾರು 1,900 ರೋಗಿಗಳಿದ್ದ, 2021ರಲ್ಲಿ ಪ್ರಕಟವಾದ, ಮೈ ತಂಪುಗೊಳಿಸುವ ಚಿಕಿತ್ಸೆಯನ್ನು ಪರೀಕ್ಷಿಸಿದ ಟಿಟಿಎಂ-2 ಪ್ರಯೋಗದಲ್ಲಿ ಮುನ್ನರಿವಿನ ತಪಾಸಣೆಯನ್ನು 96 ಗಂಟೆಗೆ ಇಟ್ಟಿದ್ದರು, ಅದನ್ನು ಮಾಡುವ ವೈದ್ಯರಿಗೆ ರೋಗಿ ಯಾವ ಗುಂಪಿನವನು ಅಂತ ತಿಳಿಸಿರಲಿಲ್ಲ. ಅವಸರ ಮತ್ತು ಪೂರ್ವಗ್ರಹ ಎರಡಕ್ಕೂ ಕಡಿವಾಣ ಹಾಕಲು ಹಾಗೆ.

ಇನ್ನೊಂದು. ಹೆಚ್ಚಿನ ಅಧ್ಯಯನಗಳಲ್ಲಿ "ಕೆಟ್ಟ ಫಲಿತಾಂಶ" ಅನ್ನುವ ಒಂದೇ ಬುಟ್ಟಿಗೆ ಸಾವು, ಅರಿವಿಲ್ಲದ ಸ್ಥಿತಿ, ಜೊತೆಗೆ ದಿನನಿತ್ಯದ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕಾಗುವಷ್ಟು ಊನ ಎಲ್ಲವನ್ನೂ ಹಾಕುತ್ತಾರೆ. ಮಗನ ಜೊತೆ ಎರಡು ಮಾತಾಡಿ, ಗಾಲಿಕುರ್ಚಿಯಲ್ಲಿ ಕೂರುವ ಬದುಕು ನಿಮ್ಮ ಮನೆಯವರಿಗೆ ಕೆಟ್ಟದ್ದೋ ಅಲ್ಲವೋ ಅಂತ ಸಂಶೋಧಕರು ಹೇಳಲಾರರು. ಡಾಕ್ಟರು "ಕೆಟ್ಟದ್ದು" ಅಂದಾಗ, ಅದರಲ್ಲಿ ಏನೇನು ಸೇರಿದೆ ಅಂತ ಬಿಡಿಸಿ ಕೇಳಿ.

ಕುಂದಾಪುರದ ಮಗಳು · ಬುಧವಾರ ಮಧ್ಯಾಹ್ನ

ಲುಂಡಿನವರು ಹೇಳಿದ ಈ ಮಾತು ನನ್ನ ಅಮ್ಮನದ್ದೇ ಕಥೆ. ಎಂಆರ್‌ಐಯಲ್ಲಿ ಹಿಪೊಕ್ಯಾಂಪಸ್ ಎರಡೂ ಕಡೆ ಹಾನಿ ಅಂತ ಬಂದಿತ್ತು, ಹೊರಪದರ ಹೆಚ್ಚುಕಡಿಮೆ ಉಳಿದಿತ್ತು. ಎಚ್ಚರ ಬಂತು. ನಮ್ಮನ್ನೆಲ್ಲ ಗುರುತು ಹಿಡಿಯುತ್ತಾರೆ, ಹಳೆಯ ಯಕ್ಷಗಾನದ ಪದ್ಯ ಪೂರ್ತಿ ಹೇಳುತ್ತಾರೆ. ಬೆಳಿಗ್ಗೆ ತಿಂದ ದೋಸೆ ಹತ್ತು ಗಂಟೆಗೆ ನೆನಪಿರುವುದಿಲ್ಲ. ಒಲೆ ಹಚ್ಚಲು ಬಿಡುವುದಿಲ್ಲ. ಕೈ ಸೆಳೆತ ಇತ್ತು, ಲೋಟ ಎತ್ತಿದರೆ ಕಾಫಿ ಚೆಲ್ಲುತ್ತಿತ್ತು. ಅದಕ್ಕೆ ಲ್ಯಾನ್ಸ್-ಆ್ಯಡಮ್ಸ್ ಅಂತ ಹೆಸರು ಹೇಳಿದರು, ಮಾತ್ರೆಯಲ್ಲಿ ಬಹಳ ಕಡಿಮೆಯಾಗಿದೆ. ಆಸ್ಪತ್ರೆಯಲ್ಲಿ ಯಾರೂ ನೆನಪಿನ ಬಗ್ಗೆ ಮುಂಚೆ ಹೇಳಲಿಲ್ಲ. ಹೇಳಿದ್ದರೆ ನಾವು ಮನೆಯನ್ನು ಅದಕ್ಕೆ ತಕ್ಕ ಹಾಗೆ ಅಣಿ ಮಾಡಿಕೊಳ್ಳುತ್ತಿದ್ದೆವು.

ಮೈಸೂರು ಐಸಿಯು · ಬುಧವಾರ ಸಂಜೆ

ಮೇಡಂ, ಲ್ಯಾನ್ಸ್-ಆ್ಯಡಮ್ಸ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಕೋಮಾದಲ್ಲಿರುವವರಿಗೆ ಮೊದಲ ದಿನಗಳಲ್ಲೇ ಬರುವ ಎಡೆಬಿಡದ ಸೆಳೆತ ಕೆಟ್ಟ ಲಕ್ಷಣ. ಎಚ್ಚರವಾದವರಿಗೆ ಕೈಕಾಲು ಚಲಿಸುವಾಗ ಬರುವ ಈ ಸೆಳೆತ ಬೇರೆ. 1963ರಲ್ಲಿ ಲ್ಯಾನ್ಸ್ ಮತ್ತು ಆ್ಯಡಮ್ಸ್ ಅನ್ನುವ ಇಬ್ಬರು ನರತಜ್ಞರು ಇದನ್ನು ವಿವರಿಸಿದರು. ಮಂಪರಿನಲ್ಲಿರುವ ರೋಗಿಯಲ್ಲಿ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. "ಸೆಳೆತ ಬಂತು, ಮುಗಿಯಿತು" ಅನ್ನುವವರಿದ್ದರೆ ಇಇಜಿ ಏನು ಹೇಳುತ್ತದೆ ಅಂತ ಕೇಳಿ.

ಶರಾವತಿ ತೀರ · ಗುರುವಾರ ಬೆಳಿಗ್ಗೆ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಇಇಜಿ ಆಯಿತು, ಅಲೆಗಳು ನಿರಂತರವಾಗಿವೆ, ಚಪ್ಪಾಳೆ ಹೊಡೆದರೆ ಬದಲಾಗುತ್ತಿವೆ ಅಂದರು. ಎಂಆರ್‌ಐಯಲ್ಲಿ ಬೇಸಲ್ ಗ್ಯಾಂಗ್ಲಿಯಾ ಎರಡೂ ಬದಿ ಮತ್ತು ಹಿಂಭಾಗದ ಹೊರಪದರದಲ್ಲಿ ಅಲ್ಲಲ್ಲಿ ಡಿಫ್ಯೂಷನ್ ಹಾನಿ ಅಂತ ಬರೆದಿದ್ದಾರೆ. ಮಧ್ಯಾಹ್ನ ಡಾಕ್ಟರು ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು ಕಂಪ್ಯೂಟರಿನಲ್ಲೇ ತೋರಿಸಿದರು. ಹಾನಿ ಇದೆ, ವ್ಯಾಪಕವಲ್ಲ, ಇನ್ನೂ ಕಾಯುತ್ತೇವೆ ಅಂದರು. ಅಕ್ಕ ಮೊದಲ ಸಲ ಪ್ರಶ್ನೆ ಕೇಳಿದಳು.

ಲುಂಡ್ ಕನ್ನಡಿಗ · ಗುರುವಾರ ಮಧ್ಯಾಹ್ನ

ಕೂರಿಸಿಕೊಂಡು ತೋರಿಸಿದ ಆ ಡಾಕ್ಟರಿಗೆ ನನ್ನ ನಮಸ್ಕಾರ. ನಿರಂತರವಾದ, ಸದ್ದಿಗೆ ಬದಲಾಗುವ ಇಇಜಿ ಒಳ್ಳೆಯ ಕಡೆಯ ಸೂಚನೆ.

ಪದವಿ ಓದು · ಗುರುವಾರ ರಾತ್ರಿ

ಕೋಮಾದಲ್ಲಿರುವವರ ಮೆದುಳು ಒಳಗೊಳಗೇ ಕೇಳಿಸಿಕೊಳ್ಳುತ್ತಿರುತ್ತದೆ, ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಎಫ್‌ಎಂಆರ್‌ಐಯಲ್ಲಿ ಕಂಡುಹಿಡಿಯಬಹುದು ಅಂತ ಓದಿದ್ದೆ. ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲವೇ?

ಲುಂಡ್ ಕನ್ನಡಿಗ · ಗುರುವಾರ ರಾತ್ರಿ

ನೀವು ಓದಿದ್ದು ಬಹುಶಃ 2024ರ ಆಗಸ್ಟಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ. ಹೊರನೋಟಕ್ಕೆ ಯಾವ ಆಜ್ಞೆಗೂ ಸ್ಪಂದಿಸದ 241 ಜನರಲ್ಲಿ 60 ಮಂದಿಯ ಮೆದುಳು "ಕೈ ಮುಷ್ಟಿ ಮಾಡುವುದನ್ನು ಕಲ್ಪಿಸಿಕೊಳ್ಳಿ" ಎಂಬಂಥ ಸೂಚನೆಗಳನ್ನು ಪಾಲಿಸುತ್ತಿದ್ದುದು ಎಫ್‌ಎಂಆರ್‌ಐ ಅಥವಾ ಇಇಜಿಯಲ್ಲಿ ಕಂಡಿತು. ಆದರೆ ಆ ಗುಂಪಿನಲ್ಲಿ ಅಪಘಾತದಿಂದ ತಲೆಗೆ ಪೆಟ್ಟಾದವರು ಬಹಳ, ಹೆಚ್ಚಿನವರ ಪರೀಕ್ಷೆ ನಡೆದದ್ದು ಪೆಟ್ಟು ಬಿದ್ದು ತಿಂಗಳುಗಳ ನಂತರ. ಹೃದಯ ಸ್ತಂಭನದ ಮೊದಲ ವಾರಕ್ಕೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಹೃದಯ ಸ್ತಂಭನದವರ ಮೇಲೇ ನಡೆದ ಎರಡು ಕೆಲಸ ಗಮನಿಸಬೇಕಾದವು. ಜಾನ್ಸ್ ಹಾಪ್ಕಿನ್ಸ್ ತಂಡ 2018ರಲ್ಲಿ ರೇಡಿಯಾಲಜಿ ಪತ್ರಿಕೆಯಲ್ಲಿ 46 ರೋಗಿಗಳ ಎಫ್‌ಎಂಆರ್‌ಐ ಪ್ರಕಟಿಸಿತು. ಏನೂ ಮಾಡದೆ ಮಲಗಿದ್ದಾಗಲೂ ಮೆದುಳಿನ ಜಾಲಗಳು ಒಂದಕ್ಕೊಂದು ತಾಳ ಹೊಂದಿಸಿಕೊಂಡಿರುತ್ತವೆ. ಆ ಹೊಂದಾಣಿಕೆ ಉಳಿದವರಲ್ಲಿ ವರ್ಷದ ಹೊತ್ತಿಗೆ ಚೇತರಿಕೆ ಹೆಚ್ಚಿತ್ತು. ಅದೇ ವರ್ಷ ಫ್ರಾನ್ಸ್, ಇಟಲಿ, ಬೆಲ್ಜಿಯಂಗಳ 14 ಕೇಂದ್ರಗಳು ಸೇರಿ, ಏಳನೇ ದಿನದಿಂದ 28ನೇ ದಿನದೊಳಗೆ ಇನ್ನೂ ಪ್ರಜ್ಞೆ ಬಾರದವರ ಬಿಳಿ ಭಾಗದ ನಾರುಗಳನ್ನು ಅಳೆದವು. ಆ ನಾರುಗಳ ಉದ್ದಕ್ಕೂ ನೀರು ಒಂದೇ ದಿಕ್ಕಿಗೆ ಹರಿಯುವ ಗುಣ ಎಷ್ಟು ಉಳಿದಿದೆ ಅನ್ನುವುದು ಆರು ತಿಂಗಳ ನಂತರದ ಸ್ಥಿತಿಯನ್ನು ಚೆನ್ನಾಗಿ ಮುನ್ಸೂಚಿಸಿತು. ಮಾಮೂಲು ಡಿಫ್ಯೂಷನ್ ಚಿತ್ರ ದಾರಿ ತಪ್ಪಿಸುವ ಹೊತ್ತಿನಲ್ಲೇ ಇದು ಕೆಲಸಕ್ಕೆ ಬರುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಆದರೆ ಪ್ರತಿ ಕೇಂದ್ರವೂ ಆರೋಗ್ಯವಂತರನ್ನು ತನ್ನದೇ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ಹೋಲಿಕೆಗೆ ಇಟ್ಟುಕೊಳ್ಳಬೇಕು. ಅದಿಲ್ಲದೆ ಸಾಮಾನ್ಯ ಆಸ್ಪತ್ರೆಗೆ ಬರುವುದು ಕಷ್ಟ.

ಹುಬ್ಳಿ ಮಂದಿ · ಶುಕ್ರವಾರ

ಡಾಕ್ಟರ್ ಸಾಹೇಬ್ರ, ಒಂದ್ ಮಾತು ಕೇಳ್ತೀನಿ. ಎಲ್ಲಾ ಪರೀಕ್ಷೆ ಮಾಡಿ, ನಿಜವಾಗ್ಲೂ ಏನೂ ಉಳಿದಿಲ್ಲ ಅಂತ ಗೊತ್ತಾತು ಅಂದ್ರ, ಆವಾಗ ಮನೀಗೆ ಒಯ್ಯೋದು ಬಿಟ್ರ ಬ್ಯಾರೆ ದಾರಿ ಐತೇನ್ರೀ?

ಮೈಸೂರು ಐಸಿಯು · ಶುಕ್ರವಾರ ರಾತ್ರಿ

ಇದೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿದೆ. ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಸೇರಿ ಮೂವರ ಪ್ರಾಥಮಿಕ ಮಂಡಳಿ ಮೊದಲು ನೋಡುತ್ತದೆ, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರಿರುವ ಎರಡನೇ ಮಂಡಳಿ ನೋಡುತ್ತದೆ. ಮನೆಯವರ ಒಪ್ಪಿಗೆ ಬೇಕು, ನ್ಯಾಯಾಧೀಶರಿಗೆ ಮಾಹಿತಿ ಹೋಗಬೇಕು. ಆಮೇಲೆ ರೋಗಿಗೆ ನೋವಿಲ್ಲದಂತೆ ನೋಡಿಕೊಂಡು ಯಂತ್ರ ಬಿಡಿಸಬಹುದು. "ವೈದ್ಯರ ಸಲಹೆಗೆ ವಿರುದ್ಧವಾಗಿ ಒಯ್ಯುತ್ತಿದ್ದೇವೆ" ಅಂತ ಬರೆಸಿಕೊಂಡು, ಆಂಬುಲೆನ್ಸಿನಲ್ಲಿ ಟ್ಯೂಬ್ ತೆಗೆದು ಕಳಿಸುವ ಪದ್ಧತಿ ನಿಲ್ಲಬೇಕು. ಅದರ ಭಾರವನ್ನು ಮನೆಯವರು ಬದುಕಿಡೀ ಹೊರುತ್ತಾರೆ. ಮುನ್ನರಿವಿನ ಪರೀಕ್ಷೆ ಗಟ್ಟಿಯಾಗಿರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೂ ಸೇರಿ. ಮಂಡಳಿಯ ಮುಂದೆ ಇಡುವ ಕಾಗದ ಅದೇ.

ತುಂಗೆಯ ದಡ · ಶನಿವಾರ

ಇಲ್ಲೇ ಕೇಳುತ್ತೇನೆ, ಹೊಸದಾಗಿ ಬರೆಯುವಷ್ಟು ಶಕ್ತಿಯಿಲ್ಲ. ನನ್ನ ತಾಯಿಗೂ ಇದೇ ಸ್ಥಿತಿ, ಇಂದು ಮೂರನೇ ದಿನ. ಎರಡು ಸ್ಟೆಂಟ್ ಹಾಕಿದ್ದಾರೆ, ಹೃದಯದ ಬಡಿತ ಕಾಯಲು ಕತ್ತಿನ ಮೂಲಕ ತಾತ್ಕಾಲಿಕ ಪೇಸಿಂಗ್ ವೈರ್ ಇದೆ. ಎಂಆರ್‌ಐ ಆಗಲ್ಲ ಅಂತಾರೆ. ಸ್ಟೆಂಟ್ ಕಾರಣಕ್ಕಾ?

ಸ್ಕ್ಯಾನ್ ರೂಮ್ · ಶನಿವಾರ

ಸ್ಟೆಂಟ್ ಕಾರಣಕ್ಕಲ್ಲ. ಈಗಿನ ಹೃದಯದ ಸ್ಟೆಂಟ್ ಇದ್ದವರಿಗೆ, ಮೊನ್ನೆ ಮೊನ್ನೆ ಹಾಕಿದ್ದರೂ, ತಯಾರಕರು ಹೇಳಿದ ಮಿತಿಯೊಳಗೆ ಎಂಆರ್‌ಐ ಮಾಡುತ್ತೇವೆ. ತೊಂದರೆ ಇರುವುದು ಆ ವೈರಿನದ್ದು. ಅದು ಆಯಸ್ಕಾಂತದೊಳಗೆ ಬಿಸಿಯಾಗಿ ಹೃದಯದ ಗೋಡೆ ಸುಡಬಹುದು, ಹೊರಗಿನ ಪೆಟ್ಟಿಗೆಯೂ ಕೆಲಸ ತಪ್ಪಬಹುದು. ಅವರು ಬೇಡ ಅಂದದ್ದು ಸರಿ.

ಮೈಸೂರು ಐಸಿಯು · ಶನಿವಾರ

ಎಂಆರ್‌ಐ ಇಲ್ಲ ಅಂತ ದಾರಿ ಮುಚ್ಚಿಲ್ಲ ಮೇಡಂ. ಮೊದಲ ದಿನದ ಸಿಟಿ ಮಾತ್ರ ಇದ್ದರೆ ಈಗ ಇನ್ನೊಂದು ಸಿಟಿ ತೆಗೆಸಲು ಕೇಳಿ. 24 ಗಂಟೆ ಕಳೆದ ನಂತರದ್ದರಲ್ಲಿ ಮೊದಲಿನದಕ್ಕಿಂತ ಹೆಚ್ಚು ತಿಳಿಯುತ್ತದೆ. ಆಂಜಿಯೋಗ್ರಾಮಿಗೆ ಹಾಕಿದ ಕಾಂಟ್ರಾಸ್ಟ್ ಚಿತ್ರವನ್ನು ಏರುಪೇರು ಮಾಡಬಹುದು, ಯಾವಾಗ ಹಾಕಿದ್ದು ಅಂತ ರೇಡಿಯಾಲಜಿಸ್ಟ್‌ಗೆ ತಿಳಿಸಲಿ. ಇಇಜಿಯನ್ನು ಹಾಸಿಗೆಯ ಬಳಿಯೇ ಮಾಡಬಹುದು. ಎನ್‌ಎಸ್‌ಇ ಕಳಿಸುವುದಾದರೆ ರಕ್ತದ ಮಾದರಿ ಒಡೆದಿರಬಾರದು, ಕೆಂಪು ಕಣಗಳಲ್ಲೂ ಆ ಅಂಶ ಇರುವುದರಿಂದ ಅಂಕಿ ಸುಳ್ಳಾಗಿ ಏರುತ್ತದೆ. ಎನ್20 ಪರೀಕ್ಷೆ ಎಲ್ಲ ಕಡೆ ಇಲ್ಲ. ನಿಮ್ಮ ಊರಿನ ನರರೋಗ ವಿಭಾಗದಲ್ಲಿ ಇದೆಯೇ ಅಂತ ವಿಚಾರಿಸಿ. ಮಂಪರಿನ ಔಷಧಿ ಯಾವಾಗ ನಿಂತಿತು, ಕಿಡ್ನಿ ಹೇಗಿದೆ ಅಂತ ಇಲ್ಲಿ ಬರೆಯಿರಿ. ರಾತ್ರಿ ಡ್ಯೂಟಿ ಇದೆ, ನೋಡುತ್ತಿರುತ್ತೇನೆ.